ಸರದಿಯ ಕಾರು

2024 ಜನವರಿ 7, ಹೊಸದುರ್ಗ

ಇವರು ತೀರಿಕೊಂಡು ಇಪ್ಪತ್ತಾರು ದಿನ. ಇವತ್ತು ಮಕ್ಕಳು ಮೂವರೂ ಕೂತು ನನ್ನನ್ನು ಹಂಚಿಕೊಂಡರು.

ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಪಡಸಾಲೆಯ ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ಈ ಬಾಡಿಗೆ ಮನೆ, ಪಕ್ಕದ ಗ್ಯಾರೇಜು ಎರಡನ್ನೂ ಬಿಟ್ಟುಬಿಡುವುದು. ಏಪ್ರಿಲ್ ಮುಗಿಯುವ ತನಕ ಅಮ್ಮ ಹಿರಿಯೂರಿನಲ್ಲಿ ದೊಡ್ಡ ಮಗ ರಾಮಾಂಜನೇಯನ ಮನೆಯಲ್ಲಿ, ಆಮೇಲೆ ನಾಲ್ಕು ತಿಂಗಳು ಹೊಳಲ್ಕೆರೆಯಲ್ಲಿ ಚಿಕ್ಕವನು ಹಾಲೇಶನ ಮನೆಯಲ್ಲಿ, ಇನ್ನು ನಾಲ್ಕು ತಿಂಗಳು ಚಿತ್ರದುರ್ಗದಲ್ಲಿ ಮಗಳು ಸುಚಿತ್ರಾಳ ಮನೆಯಲ್ಲಿ. ಇಷ್ಟಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಇವರ ಕಾರಿನ ಮಾತು ಬಂತು. ಅದಕ್ಕೆ ಒಂದೂವರೆ ಗಂಟೆ ಬೇಕಾಯಿತು.

ನಂಗೆ ಬೇಕು ಎಂದು ರಾಮಾಂಜಿ, ನಂಗೂ ಬೇಕು ಎಂದು ಹಾಲೇಶ. ಕೊನೆಗೆ ಸುಚಿತ್ರಾ, "ಅಮ್ಮ ಎಲ್ಲಿರ್ತಾಳೋ ಕಾರೂ ಅಲ್ಲೇ ಇರ್ಲಿ ಬಿಡ್ರಿ, ಯಾರಿಗೂ ಬ್ಯಾಸರ ಇರಲ್ಲ" ಎಂದಳು. ಒಬ್ಬರ ಹೆಸರಿಗೆ ಮಾಡಿದರೆ ಇನ್ನಿಬ್ಬರು ಬಿಡುವುದಿಲ್ಲ, ಹಾಗಾಗಿ ಆರ್.ಸಿ. ನನ್ನ ಹೆಸರಿಗೆ. ವರ್ಷದ ತಿಥಿ ಮುಗಿದ ಮೇಲೆ ಮಾರುವುದು.

ಟೀ ತಂದಿಟ್ಟೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. "ಸಕ್ಕರೆ ಕಮ್ಮಿ ಐತಮ್ಮ" ಎಂದ ರಾಮಾಂಜಿ.

ಇವರು ರಿಪೇರಿ ಬರೆದಿಡುತ್ತಿದ್ದ ಪುಸ್ತಕದಲ್ಲಿ ಖಾಲಿ ಹಾಳೆ ಬಹಳ ಉಳಿದಿವೆ. ಬಾಯಿ ಬಿಟ್ಟರೆ ಜಗಳವಾಗುತ್ತದೆ. ಇಲ್ಲಿ ಬರೆದರೆ ಓದುವವರು ಯಾರೂ ಇಲ್ಲ.

ಜನವರಿ 21, ಹಿರಿಯೂರು

ಬಂದು ಒಂದು ವಾರ. ಬರುವಾಗ ಹಿಂದಿನ ಸೀಟಿನಲ್ಲಿ ನಾನು, ಎರಡು ಚೀಲ, ಒಂದು ಟ್ರಂಕು. ಮುಂದಿನ ಸೀಟಿನಲ್ಲಿ ಸೊಸೆ ಪ್ರೀತಿಯ ಬ್ಯಾಗು.

ಮನೆ ಮುಂದೆ, ಗೇಟಿನೊಳಗೇ, ಒಳ್ಳೆಯ ಬೇವಿನ ಮರ ಇದೆ. ಅದರ ನೆರಳಿನಲ್ಲಿ ರಾಮಾಂಜಿಯ ಬೈಕು ನಿಲ್ಲುತ್ತದೆ, ಇವರ ಕಾರು ಬಿಸಿಲಿನಲ್ಲಿ. ಹೇಳಿದೆ. "ಬಿಸ್ಲಿಗೇನು ಕರಗಿ ಹೋಗ್ತೈತಾ?" ಎಂದ. ಕರಗುವುದಿಲ್ಲ ಮಹರಾಯ, ರಬ್ಬರೆಲ್ಲ ಸೀಳು ಬಿಡುತ್ತದೆ. ಮೆಕ್ಯಾನಿಕ್ ತಿಪ್ಪಯ್ಯನ ಮಗ ಇವನು. ಕೈಗೆ ಗ್ರೀಸು ಹತ್ತುತ್ತದೆ ಅಂತ ಚಿಕ್ಕಂದಿನಲ್ಲಿ ಗ್ಯಾರೇಜಿನೊಳಗೆ ಕಾಲಿಟ್ಟವನಲ್ಲ. ಪ್ಲಗ್ಗಿಗೆ ಮರಳುಕಾಗದ ತಿಕ್ಕಿದವಳು ನಾನು, ಅವರು ಕಾರಿನಡಿ ಮಲಗಿ ಕೈ ಚಾಚಿದಾಗ ಬೇಕಾದ ಸ್ಪ್ಯಾನರು ಕೊಟ್ಟವಳು ನಾನು. ಮೂವತ್ತೈದು ವರ್ಷ.

ಈಗ ನನಗೆ ಏನೂ ಗೊತ್ತಿಲ್ಲವಂತೆ.

ಮಾರ್ಚ್ 19

ಬಿಸಿಲು ಈಗಲೇ ಸುಡುತ್ತಿದೆ. ಬಾನೆಟ್ ಎತ್ತಿ ನೋಡಿದರೆ ಇಂಜಿನ್ ತಂಪಾಗಿಡುವ ಕೂಲಂಟು ಡಬ್ಬಿಯ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿದೆ. ಬೇಸಿಗೆ ಶುರುವಾಗುವ ಮೊದಲು ಇವರು ಹಳೆಯದನ್ನು ಪೂರ್ತಿ ಇಳಿಸಿ ಹೊಸದು ತುಂಬುತ್ತಿದ್ದರು. ರಾಮಾಂಜಿಗೆ ಬೆಳಿಗ್ಗೆ ಹೇಳಿದೆ, ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದೆ. ಸಂಜೆ ಬಕೆಟ್ಟಿನಲ್ಲಿ ಬೋರಿನ ನೀರು ತಂದು ಸುರಿದುಬಿಟ್ಟ.

ಈ ಬೋರಿನ ನೀರಿಗೆ ಪ್ರೀತಿಯ ಪಾತ್ರೆಗಳ ತಳದಲ್ಲೆಲ್ಲ ಬಿಳಿ ಪದರ ಕಟ್ಟಿದೆ. ಗೀಸರಿನ ಕಾಯಿಲು ವರ್ಷಕ್ಕೆರಡು ಸಲ ಹೋಗುತ್ತದೆ. ಇದೇ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಾದರೆ ಸುಣ್ಣ ಮೆತ್ತಿಕೊಂಡು ದಾರಿಯೇ ಮುಚ್ಚಿಹೋಗುತ್ತದೆ. ಅಷ್ಟೂ ಬಿಡಿಸಿ ಹೇಳಿದೆ.

"ಈ ಕಡೆ ಎಲ್ರೂ ಇದೇ ಹಾಕೋದು ಕಣಮ್ಮ. ಇದೇ ನೀರು ಕುಡ್ದು ನಾವು ಬದುಕಿಲ್ವಾ?"

"ನಿನ್ನ ಹೊಟ್ಟೆ ಕುದಿಯಲ್ಲ ಕಣೋ, ಇಂಜಿನ್ನು ಕುದೀತೈತೆ."

"ನೀನು ಸುಮ್ನೆ ಒಳಗೆ ಕುಂತ್ಕಾ. ನಿಂಗೊತ್ತಾಗಲ್ಲ."

ಒಳಗೆ ಬಂದು ಕೂತೆ.

ಏಪ್ರಿಲ್ 10

ಯುಗಾದಿಯ ಮರುದಿನ. ನಮಗೆ ಈ ವರ್ಷ ಹಬ್ಬವಿಲ್ಲ. ಆದರೂ ಪ್ರೀತಿಯ ತವರು ಧರ್ಮಪುರಕ್ಕೆ ಹೊರಟಿದ್ದೆವು. ಮುಂದೆ ಮಗ ಸೊಸೆ, ಹಿಂದೆ ನಾನು, ಮೊಮ್ಮಕ್ಕಳಿಬ್ಬರು.

ಅರ್ಧ ದಾರಿಯಲ್ಲಿ ಸಿಹಿ ವಾಸನೆ ಮೂಗಿಗೆ ಬಡಿಯಿತು. ಕೂಲಂಟು ಸುಡುವ ವಾಸನೆ ಹಾಗೇ ಇರುತ್ತದೆ. "ನಿಲ್ಸು" ಎಂದೆ. "ಇನ್ನೊಂದು ಹತ್ತು ಕಿಲೋಮೀಟರ್" ಎಂದ. ಬಾನೆಟ್ಟಿನಿಂದ ಹೊಗೆ ಎದ್ದ ಮೇಲೆ ನಿಲ್ಲಿಸಿದ. ಕಡಲೆಕಾಯಿ ಹೊಲಗಳ ನಡುವೆ ಒಂದು ಹುಣಸೆ ಮರ, ಮೂರು ಮನೆ, ಬಸ್ಸಿಗೆ ಕಾಯುತ್ತಿದ್ದ ಜನ. ಅವರೆಲ್ಲ ನೋಡುತ್ತಿದ್ದಾರೆ ಎಂದೋ ಏನೋ, ಇವನು ಬಾನೆಟ್ ಎತ್ತಿದವನೇ ಟವಲು ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

ನನ್ನ ಕೈಯಲ್ಲಿ ಛತ್ರಿ ಇತ್ತು. ಅವನ ಮಣಿಕಟ್ಟಿನ ಮೇಲೆ ಬಲವಾಗಿ ಬಾರಿಸಿದೆ.

ಕುದಿಯುವಾಗ ಮುಚ್ಚಳ ತೆಗೆದರೆ ನೀರು ಮುಖಕ್ಕೆ ಹಾರುತ್ತದೆ. ಹೊಸದುರ್ಗದಲ್ಲಿ ಒಬ್ಬ ಲಾರಿ ಡ್ರೈವರಿನ ಕೆನ್ನೆ ಹೇಗೆ ಸುಲಿದು ಬಂದಿತ್ತೆಂದು ಕಣ್ಣಾರೆ ನೋಡಿದವಳು ನಾನು. ಅಷ್ಟು ಜನರ ಮುಂದೆ ರಾಮಾಂಜಿ ನನ್ನ ಮೇಲೆ ಕೂಗಾಡಿದ. ಹುಚ್ಚು ಹಿಡಿದಿದೆ ಎಂದ, ಮನೆಯಲ್ಲಿ ಬಿಟ್ಟು ಬರಬೇಕಿತ್ತು ಎಂದ. ನಾನು ಬಾನೆಟ್ಟಿಗೆ ಅಡ್ಡವಾಗಿ ನಿಂತು ಮುಕ್ಕಾಲು ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ತಣ್ಣಗಾದ ಮೇಲೆ ನಾನೇ ಮುಚ್ಚಳ ತಿರುಗಿಸಿದೆ. ಒಳಗೆಲ್ಲ ಬಿಳಿ ಕೆಸರು.

ಧರ್ಮಪುರದಲ್ಲಿ ಬೀಗರ ಮುಂದೆ ಹೇಳಿದ್ದೇನು ಗೊತ್ತೇ? "ಬಿಸಿ ಇರುವಾಗ ಮುಚ್ಚಳ ತೆಗೀಬಾರ್ದು ಅಂತ ನಾನೇ ಮುಕ್ಕಾಲು ಗಂಟೆ ಕಾಯ್ಸಿದೆ." ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮೇ 1, ಹೊಳಲ್ಕೆರೆ

ಸರದಿ ಬದಲಾಯಿತು. ಹಾಲೇಶ ಗೇಟಿನ ಹತ್ತಿರವೇ ಕಾಯುತ್ತಿದ್ದ. ನಾನು ಇಳಿಯುವ ಮೊದಲೇ ಕಾರಿನ ಸುತ್ತ ಒಂದು ಸುತ್ತು ಬಂದು ಮೊಬೈಲಿನಲ್ಲಿ ನಾಲ್ಕೂ ಕಡೆ ಫೋಟೊ ಹೊಡೆದ. ಬಲಗಡೆ ಬಾಗಿಲಿನ ಗೀರು ಹೊಸದು ಎಂದ. ರೇಡಿಯೇಟರ್ ಹಾಳು ಮಾಡಿ ತಂದಿದ್ದೀಯ ಎಂದು ನನ್ನನ್ನು ಕರೆತಂದ ರಾಮಾಂಜಿಯನ್ನು ಬೈದ. ಅಣ್ಣ ತಮ್ಮ ಅರ್ಧ ಗಂಟೆ ರಸ್ತೆಯಲ್ಲೇ ಕಿತ್ತಾಡಿದರು.

ನಾಲ್ಕು ತಿಂಗಳಲ್ಲಿ ನಾನು ಆರು ಕೆ.ಜಿ. ಇಳಿದಿದ್ದೇನೆ. ರವಿಕೆಗಳೆಲ್ಲ ಜೋಲುತ್ತಿವೆ. ಕಾರು ಮಾತ್ರ ಹೋದ ಹಾಗೇ ಬರಬೇಕು ಇವರಿಗೆ.

ಜೂನ್ 8

ಮಳೆ ಬಂತು. ಹಾಲೇಶನ ಜೊತೆ ಸಂತೆಗೆ ಹೋಗಿದ್ದೆ. ಹಿಂದಿನ ಸೀಟಿನ ತುಂಬ ಅವನ ಅಂಗಡಿಯ ಬಿತ್ತನೆ ಬೀಜದ ಪೊಟ್ಟಣ, ಹಾಗಾಗಿ ಮುಂದೆ ಕೂತೆ. ವೈಪರು ಗಾಜು ಒರೆಸುವ ಬದಲು ಕೆಸರು ಬಳಿಯುತ್ತಿತ್ತು. ಹಿರಿಯೂರಿನ ಬಿಸಿಲಿಗೆ ರಬ್ಬರು ಒಣಗಿ ಚೂರಾಗಿದೆ. ಇವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ.

"ಬ್ಲೇಡು ಬದಲಾಯ್ಸು."

"ನೋಡಾಣ ತಗಾ, ಮಳೆ ಜೋರಾಗ್ಲಿ."

ಮಳೆ ಜೋರಾದ ಮೇಲೆ ನೋಡುವುದಕ್ಕೆ ಗಾಜಿನಲ್ಲಿ ಏನು ಕಾಣಿಸುತ್ತದೆ? ಮಧ್ಯಾಹ್ನ ನಾನೇ ಸರ್ಕಲ್ ತನಕ ನಡೆದು ಹೋಗಿ ಎರಡು ಬ್ಲೇಡು ತಂದು ಸಿಕ್ಕಿಸಿದೆ. ಇದಕ್ಕೆ ಸ್ಪ್ಯಾನರೂ ಬೇಡ. ಸಂಜೆ ಓಡಿಸಿ ನೋಡಿ, "ಮಳೆ ಬಿದ್ದು ತಾನೇ ಸರಿ ಹೋಗೈತೆ ನೋಡು" ಎಂದ. ಇಂಥವನಿಗೆ ಹೇಳಿ ಏನಾಗಬೇಕು?

ಜೂನ್ 23

ಬ್ರೇಕು ಒತ್ತಿದರೆ ಪೆಡಲು ಕೆಳಗೆ ಕುಸಿಯುತ್ತಿತ್ತು. ಎತ್ತಪ್ಪನ ಶೆಡ್ಡಿಗೆ ಬಿಟ್ಟು ಬಾ ಎಂದು ಹಾಲೇಶನಿಗೆ ನಾಲ್ಕು ದಿನ ಗಂಟಲು ಹರಿದುಕೊಂಡೆ. ಇವತ್ತು ಕಾರನ್ನೂ ನನ್ನನ್ನೂ ಅಲ್ಲಿ ಇಳಿಸಿ ತಾನು ಅಂಗಡಿಗೆ ಹೋದ.

ಎತ್ತಪ್ಪ ಇವರ ಕೈಕೆಳಗೆ ಕೆಲಸ ಕಲಿತವನು. ಈಗ ಅವನ ಮೀಸೆಯೂ ಬೆಳ್ಳಗಾಗಿದೆ. "ಬರ್ರಿ ಅಕ್ಕ, ಕುಂತ್ಕಳ್ರಿ" ಎಂದು ಸ್ಟೂಲು ಕೊಟ್ಟ. ಬ್ರೇಕಿನ ಎಣ್ಣೆ ಹರಿಯುವ ಲೈನಿನಲ್ಲಿ ಗಾಳಿ ಸೇರಿದೆ, ತೆಗೆಯಬೇಕು, ಒತ್ತುವುದಕ್ಕೆ ಯಾರೂ ಇಲ್ಲ ಎಂದ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಟ್ಟು ಸಡಿಲಿಸಿ ಗಾಳಿ ಹೊರಗೆ ಬಿಡಬೇಕು.

ನಾನು ಹೋಗಿ ಕೂತೆ. ಅವನು ಕೆಳಗಿನಿಂದ "ಒತ್ರಿ" ಎಂದ, ಒತ್ತಿದೆ. "ಹಿಡೀರಿ." ಹಿಡಿದೆ. "ಬಿಡ್ರಿ." ಬಿಟ್ಟೆ. ನಾಲ್ಕೂ ಚಕ್ರಕ್ಕೆ ಹಾಗೇ ಮಾಡಿದೆವು. ಪೆಡಲು ಕಲ್ಲಿನಂತೆ ನಿಂತಿತು.

ಕೈ ಒರೆಸಿಕೊಳ್ಳುತ್ತ ಎತ್ತಪ್ಪ ಕೇಳಿದ: "ಅಲ್ಲಕ್ಕ, ಅಷ್ಟು ವರ್ಷ ಇಷ್ಟೆಲ್ಲ ಮಾಡಿದ್ರಿ, ಓಡ್ಸೋದು ಯಾಕೆ ಕಲೀಲಿಲ್ಲ?"

ಅವನಿಗೆ ಏನೋ ಹೇಳಿ ಬಂದೆ.

ಯಾಕೆ ಕಲಿಯಲಿಲ್ಲ? ಕಲಿಸಲಿಲ್ಲ, ಅದಕ್ಕೆ. ರಾಮಾಂಜಿ ಹೊಟ್ಟೆಯಲ್ಲಿದ್ದಾಗಲೂ ಸ್ಟೀರಿಂಗಿಗೆ ಹೊಟ್ಟೆ ತಾಗಿಸಿಕೊಂಡು ಬ್ರೇಕು ಒತ್ತಿದ್ದೇನೆ. ಊರಿನ ಡಾಕ್ಟರ ಕಾರು, ಸಾಹುಕಾರರ ಕಾರು, ಮದುವೆ ದಿಬ್ಬಣದ ಜೀಪು, ಎಷ್ಟಕ್ಕೆ ಒತ್ತಿದ್ದೇನೋ ಲೆಕ್ಕವಿಲ್ಲ. ಎಲ್ಲವೂ ನಿಂತ ಕಾರುಗಳು. ಒಂದು ದಿನ ಕೇಳಿದ್ದೆ, ಮದುವೆಯಾದ ಹೊಸತು. "ನಿಂಗ್ಯಾಕೆ ಅದು? ನಾನಿಲ್ವಾ?" ಎಂದು ನಕ್ಕರು. ಮತ್ತೆ ಕೇಳಲಿಲ್ಲ. ನಾನಿಲ್ವಾ ಅಂದವರು ಈಗ ಎಲ್ಲಿದ್ದೀರಿ? ಮೂವತ್ತೈದು ವರ್ಷದಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು ಕಲಿಸಿದ್ದರೆ ಇವತ್ತು ನಾನು ಟ್ರಂಕಿನ ಜೊತೆ ಮನೆಯಿಂದ ಮನೆಗೆ ಸಾಗಬೇಕಿರಲಿಲ್ಲ. ಒಳ್ಳೆಯವರಾಗಿದ್ದಿರಿ, ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಎಲ್ಲ ನಿಜ. ಆದರೂ ನಿಮ್ಮ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಇನ್ನು ಯಾವಾಗ ಮಾಡಲಿ?

ಜೂನ್ 24

ನಿನ್ನೆಯ ಪುಟ ಓದಿದೆ. ಹರಿದು ಹಾಕೋಣ ಎನಿಸಿತು. ಬರೆದದ್ದೆಲ್ಲ ನಿಜವೇ ಇದೆ, ಇರಲಿ.

ಜುಲೈ 19

ಮಳೆ. ಇಲಿ ವೈರು ಕಡಿದಿದೆ. ಇಲಿ ಸಾಕಿದವಳು ನಾನೇ ಎನ್ನುವ ಹಾಗೆ ಹಾಲೇಶ ಕೂಗಾಡಿದ. ನಾನೂ ಕೂಗಾಡಿದೆ.

ಸೆಪ್ಟೆಂಬರ್ 12, ಚಿತ್ರದುರ್ಗ

ಮಗಳ ಮನೆಗೆ ಬಂದು ಹನ್ನೆರಡು ದಿನ. ಸುಚಿತ್ರಾ ಕಾಲೇಜಿನ ಆಫೀಸಿಗೆ ಒಂಬತ್ತೂವರೆಗೆ ಹೋದರೆ ಬರುವುದು ಆರಕ್ಕೆ. "ನೀನು ಏನೂ ಮಾಡ್ಬೇಡ, ರೆಸ್ಟ್ ತಗಾ" ಎನ್ನುತ್ತಾಳೆ. ಮುದ್ದು ಮಾಡುತ್ತಾಳೆ, ಇಲ್ಲ ಎನ್ನುವುದಿಲ್ಲ. ಆದರೆ ನಾನು ಮಾತಾಡುವಾಗ ಮೊಬೈಲು ನೋಡುತ್ತಿರುತ್ತಾಳೆ.

ಕೋಟೆಗೆ ಹೋಗುವ ರಸ್ತೆಯಲ್ಲಿ ಯೋಗೇಶ್ ಎಂಬವನ ಡ್ರೈವಿಂಗ್ ಸ್ಕೂಲಿದೆ. ಹೋದ ವಾರ ಹೋಗಿ ಕೇಳಿದೆ. "ಯಾರಿಗೆ ಅಮ್ಮ, ಮೊಮ್ಮಗಳಿಗಾ?" ಎಂದ. ನನಗೆ ಎಂದೆ. ಅರವತ್ತೆರಡಾ ಎಂದು ಎರಡು ಸಲ ಕೇಳಿದ. ಮೂರನೇ ಸಲ ಕೇಳಿದ್ದರೆ ಬೈದು ಬರುತ್ತಿದ್ದೆ. ಡಾಕ್ಟರ ಸರ್ಟಿಫಿಕೇಟು ತಂದೆ, ಇವತ್ತು ಎಲ್.ಎಲ್. ಅಂದರೆ ಕಲಿಯುವವರ ಲೈಸೆನ್ಸಿನ ಪರೀಕ್ಷೆ ಬರೆದೆ. ಹದಿನೈದರಲ್ಲಿ ಹದಿನಾಲ್ಕು ಸರಿ. ಸುಚಿತ್ರಾಗೆ ಮಠದ ಭಜನೆಗೆ ಹೋಗುತ್ತೇನೆ ಎಂದು ಹೇಳಿದ್ದೇನೆ. ಭಜನೆ ಎಂದರೆ ಯಾರೂ ಯಾಕೆ ಎನ್ನುವುದಿಲ್ಲ.

ಸೆಪ್ಟೆಂಬರ್ 20

ಕಾರು ಹೊರಟರೆ ಸಾಕು, ನನ್ನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ಒತ್ತಿ ಹಿಡಿಯುತ್ತದೆ, ಯಾರಾದರೂ ಬಿಡು ಎನ್ನುವ ತನಕ.

"ಬ್ರೇಕಿಂದ ಕಾಲು ತೆಗೀರಿ ಅಮ್ಮ. ಯಾರೂ ಅಡ್ಡ ಇಲ್ಲ. ತೆಗೀರಿ."

ಯೋಗೇಶ್ ಇವತ್ತು ಈ ಮಾತು ಎಷ್ಟು ಸಲ ಹೇಳಿದನೋ. ಹಿಂದಿನಿಂದ ಆಟೋದವರೆಲ್ಲ ಹಾರ್ನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು, ಅಜ್ಜಿ ಮನೆಗೆ ಹೋಗಿ ಮಲಗು ಎಂದ. ಕಿಟಕಿ ಇಳಿಸಿ ನನಗೆ ಗೊತ್ತಿದ್ದ ಗ್ಯಾರೇಜಿನ ಭಾಷೆಯಲ್ಲೇ ಉತ್ತರ ಕೊಟ್ಟೆ. ಯೋಗೇಶ್ ಮುಖ ಆ ಕಡೆ ತಿರುಗಿಸಿಕೊಂಡ.

ಅಕ್ಟೋಬರ್ 11

ಆಯುಧಪೂಜೆ. ವರ್ಷ ತುಂಬುವ ತನಕ ಗಂಡುಮಕ್ಕಳ ಮನೆಗೆ ಹಬ್ಬ ಇಲ್ಲ, ಕಾರು ಮಗಳ ಮನೆಯಲ್ಲಿದೆ, ಅದಕ್ಕೆ ದೋಷವಿಲ್ಲ ಎಂದು ಅವರವರೇ ತೀರ್ಮಾನ ಮಾಡಿಕೊಂಡು ಎಲ್ಲರೂ ಬಂದಿಳಿದರು. ನಾನು ಬೆಳಿಗ್ಗೆ ಐದಕ್ಕೇ ಎದ್ದು ಕಾರು ತೊಳೆದು, ಬ್ಯಾಟರಿ ತುದಿಗಳಿಗೆ ಅಂಟಿದ್ದ ಬೂಷ್ಟು ಬಿಸಿನೀರಲ್ಲಿ ತಿಕ್ಕಿ, ಗ್ರೀಸು ಸವರಿ ಇಟ್ಟಿದ್ದೆ.

ಸುಚಿತ್ರಾ ಕುಂಕುಮ ಇಟ್ಟು ಹೂವು ಹಾಕಿದಳು. ಚಕ್ರಗಳಡಿ ನಾಲ್ಕು ನಿಂಬೆಹಣ್ಣು. ಅವುಗಳ ಮೇಲೆ ಯಾರು ಓಡಿಸಬೇಕು ಎಂದು ಅಣ್ಣ ತಮ್ಮಂದಿರಲ್ಲಿ ಮತ್ತೆ ಶುರುವಾಯಿತು. ಹಿರಿಯ ನಾನು ಎಂದು ಒಬ್ಬ, ರೇಡಿಯೇಟರ್ ಸರಿ ಮಾಡಿಸಿದ್ದು ನಾನು ಎಂದು ಇನ್ನೊಬ್ಬ.

"ಕೀ ಇಲ್ಲಿ ಕೊಡ್ರಿ, ನಾನು ಓಡಿಸ್ತೀನಿ" ಎಂದೆ.

ಎಲ್ಲರೂ ನಕ್ಕರು. ಮೊಮ್ಮಕ್ಕಳೂ ನಕ್ಕವು. ಸುಚಿತ್ರಾ ಬಾಯಿಗೆ ಸೆರಗು ಹಿಡಿದು ನಕ್ಕಳು. ರಾಮಾಂಜಿ ಕೂತು ಓಡಿಸಿದ, ಕ್ಲಚ್ಚು ಸರಿಯಾಗಿ ಬಿಡದೆ ಎರಡು ಸಲ ಆಫ್ ಮಾಡಿಕೊಂಡ. ಅದಕ್ಕೆ ಯಾರೂ ನಗಲಿಲ್ಲ.

ಊಟವಾದ ಮೇಲೆ ಹಾಲೇಶ ಒಂದು ಫಾರಂ ತೆಗೆದ. ಗಿರಾಕಿ ಸಿಕ್ಕಿದ್ದಾನೆ, ತಿಥಿ ಆದ ಮೇಲೆ ಬರುತ್ತಾನೆ. "ಇಲ್ಲೊಂದು, ಇಲ್ಲೊಂದು ಸೈನ್ ಹಾಕಮ್ಮ." ಕಾರು ಹೋದರೆ ನೀನು ಮನೆಯಿಂದ ಮನೆಗೆ ಬಸ್ಸಿನಲ್ಲಿ ಬರಬಹುದು, ಹೆಂಗಸರಿಗೆ ಹೇಗೂ ಈಗ ಬಸ್ಸು ಫ್ರೀ ಎಂದ. ಕನ್ನಡಕ ಕಾಣುತ್ತಿಲ್ಲ ಎಂದು ಎದ್ದು ಒಳಗೆ ಬಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಯಾರೂ ನೋಡಲಿಲ್ಲ.

ಅಕ್ಟೋಬರ್ 24

ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಬೇಕಿತ್ತು. ಹಾಳು ಕಾಲು ಬ್ರೇಕಿನಿಂದ ಮೇಲೇಳಲಿಲ್ಲ. ಇನ್‌ಸ್ಪೆಕ್ಟರು, "ಮನೇಲಿ ಯಾರೂ ಓಡ್ಸೋರು ಇಲ್ವೇನಮ್ಮ?" ಎಂದರು. ಬಹಳ ಜನ ಇದ್ದಾರೆ ಎಂದೆ.

ನವೆಂಬರ್ 7

ಪಾಸು. ಯಾರಿಗೂ ಹೇಳಿಲ್ಲ. ಸಂಜೆ ನನ್ನ ಕಾರಿನ ಹೆಡ್‌ಲೈಟು ಒರೆಸಿ, ನಾಲ್ಕೂ ಟೈರಿಗೆ ಗಾಳಿ ನೋಡಿದೆ. ಹಿಂದಿನ ಎಡಗಡೆಯದರಲ್ಲಿ ಕಡಿಮೆ ಇತ್ತು.

ಡಿಸೆಂಬರ್ 1

ವರ್ಷದ ತಿಥಿ. ಮೂವರಿಗೂ ಅನುಕೂಲ ಎಂದು ಇಲ್ಲೇ ಒಂದು ಛತ್ರದಲ್ಲಿ ಮಾಡಿದರು. ಎಲೆ ಎತ್ತುವ ಹೊತ್ತಿಗೆ ಹಾಲೇಶ ಫಾರಂ ಹಿಡಿದು ಬಂದ. ಗಿರಾಕಿ ನಾಳೆ ಹತ್ತಕ್ಕೆ ಬರುತ್ತಾನೆ.

"ನಾನು ಮಾರಲ್ಲ" ಎಂದೆ.

ಅವನಿಗೆ ಅರ್ಥವೇ ಆಗಲಿಲ್ಲ. ಕಾರು ನನ್ನ ಹೆಸರಿನಲ್ಲಿದೆ, ನಾನು ಸೈನ್ ಹಾಕುವುದಿಲ್ಲ, ನನ್ನ ಹತ್ತಿರ ಲೈಸೆನ್ಸ್ ಇದೆ ಎಂದು ಬಿಡಿಸಿ ಹೇಳಿ ಕಾರ್ಡು ತೋರಿಸಿದೆ. ಮೂವರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸುಚಿತ್ರಾ, "ಭಜನೆ ಅಂತಿದ್ಯಲ್ಲ" ಎಂದು ಅತ್ತಳು. ಹಾಲೇಶ ಗಿರಾಕಿಗೆ ಏನು ಮುಖ ತೋರಿಸಲಿ ಎಂದ. ರಾಮಾಂಜಿ ಎದ್ದು ನಿಂತ.

"ಆಯ್ತಮ್ಮ. ಕಾರು ಇಟ್ಕಾ. ಕಾರಲ್ಲೇ ಇರು."

ಯಾರೂ ಅವನಿಗೆ ಬಾಯಿ ಮುಚ್ಚು ಎನ್ನಲಿಲ್ಲ. ಅಪ್ಪನ ಪಿಂಡ ಇಟ್ಟ ಕೈ ಇನ್ನೂ ಒಣಗಿರಲಿಲ್ಲ ಅವನದು.

ಡಿಸೆಂಬರ್ 2

ಬೆಳಿಗ್ಗೆ ಏಳಕ್ಕೆ ಕೀ ತೆಗೆದುಕೊಂಡು ಹೊರಟೆ. ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ಹೊಳಲ್ಕೆರೆ ದಾಟಿದೆ, ಹಾಲೇಶನ ಅಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಹೊಸದುರ್ಗದಲ್ಲಿ ನಮ್ಮ ಗ್ಯಾರೇಜಿದ್ದ ಜಾಗದಲ್ಲಿ ಯಾರೋ ಟೈಲ್ಸ್ ಜೋಡಿಸಿಟ್ಟಿದ್ದಾರೆ. ನಿಲ್ಲಿಸಲಿಲ್ಲ. ಹಾಲುರಾಮೇಶ್ವರದ ಗುಡಿಗೆ ಹೋದೆ. ಕೊಳದ ಹತ್ತಿರ ಜನ ಏನೇನೋ ಬೇಡಿಕೊಳ್ಳುತ್ತ ನಿಂತಿದ್ದರು. ನನಗೆ ಬೇಡಿಕೊಳ್ಳಲು ಏನೂ ತೋಚಲಿಲ್ಲ. ಕಾರಿನಲ್ಲಿ ಬಂದು ಕೂತು ಅತ್ತೆ. ಗಾಜು ಏರಿಸಿಕೊಂಡು ಗಟ್ಟಿಯಾಗಿ ಅತ್ತೆ, ರಾಮಾಂಜಿಗೆ ಬೈದೆ, ಇವರಿಗೆ ಬೈದೆ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಟ್ರಂಕಿನ ಪಕ್ಕ ಕೂತಿದ್ದ ನನಗೂ ಬೈದುಕೊಂಡೆ. ಆಮೇಲೆ ಹಸಿವಾಯಿತು. ಚಿತ್ರಾನ್ನ ತಿಂದೆ.

ಸಂಜೆ ವಾಪಸು ಬಂದಾಗ ಮೂವರೂ ಗೇಟಿನಲ್ಲಿ ನಿಂತಿದ್ದರು. ಮೊಬೈಲಿಗೆ ಇಪ್ಪತ್ತೊಂದು ಸಲ ಕಾಲ್ ಮಾಡಿದ್ದರಂತೆ. ಓಡಿಸುವಾಗ ಫೋನ್ ಎತ್ತಬಾರದು ಎಂದೆ.

2025 ಜನವರಿ 6, ಹಿರಿಯೂರು

ಜನವರಿ ಒಂದಕ್ಕೆ ರಾಮಾಂಜಿ ಬಂದು ನನ್ನನ್ನು ಕರೆದುಕೊಂಡು ಹೋಗಬೇಕಿತ್ತು. ಬರಲಿಲ್ಲ. ಎರಡಕ್ಕೂ ಬರಲಿಲ್ಲ, ನಾಲ್ಕಕ್ಕೂ ಬರಲಿಲ್ಲ. ನಿನ್ನೆ ಸುಚಿತ್ರಾ ಅನ್ನ ಬಡಿಸುತ್ತ, "ಅಣ್ಣ ಯಾವಾಗ ಬರ್ತಾನಂತೆ?" ಎಂದಳು. ಮಾಮೂಲಿ ದನಿಯಲ್ಲೇ ಕೇಳಿದಳು. ಪಿತ್ತ ನೆತ್ತಿಗೇರಿತು.

ಬೆಳಿಗ್ಗೆ ಆಯಿಲ್ ಕಡ್ಡಿ ಎಳೆದು ನೋಡಿದೆ, ಕೂಲಂಟು ನೋಡಿದೆ, ಟ್ರಂಕನ್ನು ಡಿಕ್ಕಿಗೆ ಹಾಕಿದೆ. ಹೈವೇಯಲ್ಲಿ ಲಾರಿಗಳು ಹಾರ್ನ್ ಹೊಡೆದು ಹೊಡೆದು ಮುಂದೆ ಹೋದವು, ಹೋಗಲಿ ಎಂದು ನನ್ನ ಪಾಡಿಗೆ ನಾನು ಐವತ್ತರಲ್ಲಿ ಬಂದೆ. ಹಿರಿಯೂರಿನ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಪ್ರೀತಿ ಕಿಟಕಿಯಿಂದ ಇಣುಕಿ ಒಳಗೆ ಹೋದಳು. ರಾಮಾಂಜಿ ಬನಿಯನ್ನಿನಲ್ಲೇ ಹೊರಗೆ ಬಂದು, ಗೇಟು ಹಿಡಿದುಕೊಂಡು ನಿಂತ. ನಾನು ಇಂಜಿನ್ ಆಫ್ ಮಾಡಲಿಲ್ಲ.

"ಏನಮ್ಮ, ಹೇಳ್ದೆ ಕೇಳ್ದೆ..."

"ಗೇಟು ತೆಗೀತೀಯೋ, ಮುಂದಕ್ಕೆ ಹೋಗ್ಲೋ?"

ಅವನು ನನ್ನ ಮುಖ ನೋಡಿದ, ರಸ್ತೆಯ ಆ ತುದಿ ನೋಡಿದ. ನಾನು ನಿಜಕ್ಕೂ ಹೋಗುತ್ತಿದ್ದೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ, ಟ್ಯಾಂಕು ತುಂಬಿತ್ತು. ಗೇಟಿನ ಎರಡೂ ರೆಕ್ಕೆ ತೆಗೆದ. ಬೇವಿನ ನೆರಳಿನಲ್ಲಿದ್ದ ಬೈಕನ್ನು ತಾನೇ ತಳ್ಳಿ ಪಕ್ಕಕ್ಕಿಟ್ಟ.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದ. "ಏಪ್ರಿಲ್ ತನಕ ಇರ್ತೀಯ ತಾನೆ ಅಮ್ಮ?"

"ಮುಂದಿನ ತಿಂಗಳು ಆಯಿಲ್ ಬದಲಾಯ್ಸೋದೈತೆ. ಅದಾದ್ಮೇಲೆ ಹೇಳ್ತೀನಿ" ಎಂದೆ. ಸಾರಿಗೆ ಉಪ್ಪು ಕಡಿಮೆ ಇತ್ತು, ಅದನ್ನೂ ಹೇಳಿದೆ.